ಅರ್ಧ ಪಿಜ್ಜಾ

ಪಿಜ್ಜಾ ಅಂಗಡಿಯಿಂದ ತರಿಸಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನನ್ನ ಗಂಡನಿಗೆ ಹೊಸ ಹುಚ್ಚು ಹತ್ತಿತ್ತು. ಇದ್ದಿಲಿನ ಗ್ರಿಲ್ ಕೊಂಡು ತಂದು, ಭಾನುವಾರ ಮಧ್ಯಾಹ್ನ ಸ್ನೇಹಿತರನ್ನು ತಾರಸಿಗೆ ಕರೆದು, ಅವರವರ ಪಿಜ್ಜಾ ಅವರವರೇ ಮಾಡಿಕೊಳ್ಳಬೇಕೆಂದು ಅಪ್ಪಣೆ ಹೊರಡಿಸಿದ್ದ. ಬೆಳಗ್ಗೆ ಎದ್ದು ಹಿಟ್ಟು ನಾದಿದವಳು ಮಾತ್ರ ನಾನು.

ಬಂದವರು ಕ್ಯಾಪ್ಟನ್ ಮತ್ತು ಅವನ ಹೆಂಡತಿ. ಕ್ಯಾಪ್ಟನ್ ಅಂದರೆ ಹಡಗಿನವನಲ್ಲ, ಶಾಲೆಯ ವ್ಯಾನ್ ಓಡಿಸುವವನು. ಹತ್ತು ವರ್ಷದಲ್ಲಿ ಗಾಡಿಗೆ ಒಂದು ಗೀರೂ ಬೀಳಿಸಿರಲಿಲ್ಲ, ಅದಕ್ಕೆ ಮಕ್ಕಳು ಇಟ್ಟ ಹೆಸರು ಅದು. ನನ್ನ ಮಗಳೂ ದಿನಾ ಅವನ ವ್ಯಾನಿನಲ್ಲೇ ಹೋಗುತ್ತಾಳೆ. ಅಂದು ಮೂರು ಗಂಟೆಗೆ ಅವಳನ್ನೂ ಇನ್ನು ಏಳು ಮಕ್ಕಳನ್ನೂ ಅವನು ಈಜಿನ ಸ್ಪರ್ಧೆಗೆ ಕರೆದೊಯ್ಯಬೇಕಿತ್ತು.

ಗ್ರಿಲ್ ಮೇಲಾದರೆ ಮೊದಲು ಬರೀ ಹಿಟ್ಟಿನ ಒಂದು ಮೈ ಸುಡಬೇಕು. ತೆಗೆದು, ಸುಟ್ಟ ಮೈ ಮೇಲೆ ಮಾಡಿ, ಸಾಸು ಚೀಸು ಹಾಕಿ ಮತ್ತೆ ಕೆಂಡದ ಮೇಲಿಡಬೇಕು. ಕ್ಯಾಪ್ಟನ್ ಶ್ರದ್ಧೆಯಿಂದ ಸಾಸು ಸವರಿದ, ಚೀಸು ಉದುರಿಸಿದ, ಈರುಳ್ಳಿ ಜೋಡಿಸಿದ. "ಆಯ್ತು, ಹಿಡೀರಿ" ಅಂದ. ಬಲಗಡೆ ಅರ್ಧ ತುಂಬಿ ತುಳುಕುತ್ತಿತ್ತು. ಎಡಗಡೆ ಅರ್ಧ ಬೋಳು.

"ಏನಪ್ಪಾ, ಆಸ್ತಿ ಪಾಲು ಮಾಡ್ದೆಯಾ?" ಎಂದು ನನ್ನ ಗಂಡ ಹೊಟ್ಟೆ ಹಿಡಿದು ನಕ್ಕ.

"ಏನ್ ಪಾಲು? ಪೂರ್ತಿ ಹಾಕಿದೀನಲ್ಲ!" ಎಂದ ಕ್ಯಾಪ್ಟನ್. ಅವನು ತಮಾಷೆ ಮಾಡುತ್ತಿರಲಿಲ್ಲ.

ನಾನು ಆಸ್ಪತ್ರೆಯ ನರರೋಗ ವಾರ್ಡಿನ ನರ್ಸು. ಮಿದುಳಿನ ಬಲಭಾಗಕ್ಕೆ ರಕ್ತ ಹರಿಯುವುದು ನಿಂತು ಸ್ಟ್ರೋಕ್ ಆದವರಲ್ಲಿ ಕೆಲವರು ತಟ್ಟೆಯ ಬಲಗಡೆಯದಷ್ಟೇ ತಿಂದು, ಊಟ ಸಾಲಲಿಲ್ಲವೆಂದು ನನ್ನ ಮೇಲೆ ರೇಗುತ್ತಾರೆ. ತಟ್ಟೆ ತಿರುಗಿಸಿಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಎಡಗಡೆ ಅಂತ ಒಂದು ಇದೆ ಎನ್ನುವುದೇ ಅವರಿಗೆ ಹೊಳೆಯುವುದಿಲ್ಲ.

"ತಲೆನೋವು ಗಿಲೆನೋವು ಏನಾದ್ರೂ ಬಂದಿತ್ತೇನೋ?" ಎಂದು ಕೇಳಿದೆ.

"ಗುರುವಾರ ರಾತ್ರಿ ಜೋರಾಗಿತ್ತು ಅಕ್ಕ. ಮಾತ್ರೆ ನುಂಗಿ ಮಲಗ್ದೆ, ಹೋಯ್ತು."

"ಅವತ್ತಿಂದ ಗಡ್ಡ ಬೋಳ್ಸೋದೂ ಅರ್ಧಂಬರ್ಧ. ಸೋಂಬೇರಿ!" ಎಂದು ಅವನ ಹೆಂಡತಿ ಅವನ ಎಡಗೆನ್ನೆ ತಿವಿದಳು. ಅಲ್ಲಿ ಮೂರು ದಿನದ ಗಡ್ಡವಿತ್ತು.

ಗಂಟೆ ಎರಡೂವರೆ. ಹೇಳಿದರೆ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಹೇಳದಿದ್ದರೆ ಎಂಟು ಮಕ್ಕಳು. ನನ್ನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು, ಆದರೂ ಆಗ ಹಿಂದೆಮುಂದೆ ನೋಡಿದೆ. ನಾನೇ ತಪ್ಪು ತಿಳಿದಿದ್ದರೆ? ನನಗೆ ಭಯವಾಗಿತ್ತು.

ಅಷ್ಟರಲ್ಲಿ ಮಗಳು ಈಜಿನ ಚೀಲ ಹೆಗಲಿಗೇರಿಸಿ ಮೇಲೆ ಬಂದಳು. "ಮಾಮ, ಹೋಗೋಣ್ವಾ?"

ವ್ಯಾನಿನ ಕೀ ಮೇಜಿನ ಮೇಲೆ, ಅವನ ಪಿಜ್ಜಾ ತಟ್ಟೆಯ ಬಲಕ್ಕೆ ಬಿದ್ದಿತ್ತು. ಅವನು ಕೈ ತೊಳೆಯಲು ಎದ್ದಾಗ ಅದನ್ನೆತ್ತಿ ಎಡಕ್ಕೆ, ಒಂದು ಗೇಣು ದೂರದಲ್ಲಿಟ್ಟೆ. ಬಂದು ಕೂತವನು ಬಲಗಡೆ ತಡಕಿದ. ಜೇಬು ನೋಡಿದ. ಕುರ್ಚಿಯ ಕೆಳಗೆ ಬಗ್ಗಿದ.

"ಕೀ ಯಾರ್ ತಗೊಂಡ್ರಿ? ಟೈಮಾಯ್ತು, ಆಟ ಆಡ್ಬೇಡಿ."

ಯಾರೂ ನಗಲಿಲ್ಲ. ಕೆಂಪು ರಿಬ್ಬನ್ ಕಟ್ಟಿದ ಕೀ ಎಲ್ಲರ ಕಣ್ಣೆದುರಿಗೇ ಇತ್ತು. ಗ್ರಿಲ್ ಮೇಲೆ ಯಾರದೋ ಪಿಜ್ಜಾ ಕರಕಲಾಗುತ್ತಿತ್ತು, ನನ್ನ ಗಂಡ ಇಕ್ಕಳ ಹಿಡಿದು ಹಾಗೇ ನಿಂತಿದ್ದ.

"ನಿನ್ನ ಮುಂದೇನೇ ಇದೆ ಕಣೋ," ಎಂದೆ.

"ಎಲ್ಲಕ್ಕ? ಸುಮ್ನೆ ಕೊಡು, ಮಕ್ಕಳು ಕಾಯ್ತಿರ್ತಾರೆ."

ಅವನ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದೆ. ಕೀ ಕಂಡಿತು. ಪಿಜ್ಜಾದ ಬೋಳು ಅರ್ಧವೂ ಕಂಡಿತು. ಅವನು ಅದರ ಮೇಲೆ ಬೆರಳಾಡಿಸಿ ನೋಡಿದ.

"ಇವತ್ತು ನೀನು ಗಾಡಿ ಮುಟ್ಟೋ ಹಾಗಿಲ್ಲ. ಈಗ್ಲೇ ಆಸ್ಪತ್ರೆಗೆ ನಡಿ," ಎಂದೆ. ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಅವನು ಕೀ ಎತ್ತಿ ನನ್ನ ಅಂಗೈಗಿಟ್ಟ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಶುಕ್ರವಾರ ಎಡಗಡೆ ಕನ್ನಡಿ ಒಡೆದಿತ್ತು. ಯಾರೋ ಗುದ್ದಿ ಹೋಗಿದಾರೆ ಅಂತ ಬೈಕೊಂಡೆ," ಎಂದ. ಆಮೇಲೆ ತಲೆ ತಿರುಗಿಸಿ, ತನ್ನ ಎಡಪಕ್ಕದಲ್ಲೇ ನಿಂತಿದ್ದ ನನ್ನ ಮಗಳನ್ನು ಹುಡುಕಿ ನೋಡಿದ.

"ಇವಳು ಇಳಿಯೋದು ಎಡಗಡೆ ಬಾಗಿಲಲ್ಲಿ ಅಕ್ಕ. ಇಳಿದು ಗೇಟು ದಾಟಿದ್ಳು ಅಂತ ನೋಡ್ಕೊಂಡೇ ನಾನು ಗಾಡಿ ತೆಗೆಯೋದು. ಶುಕ್ರವಾರಾನೂ ನೋಡ್ದೆ ಅಂತಾನೇ ಅಂದ್ಕೊಂಡಿದ್ದೆ."