ಪ್ರೇಮಾನಂದನಿಗಾಗಿ ಎರಡು ಹೊತ್ತು

ಘಾಟು, ಮೊದಲು ಮೂಗಿಗೆ, ಆಮೇಲೆ ಗಂಟಲಿಗೆ — ಮೋಟೆಬೆನ್ನೂರಿನಲ್ಲಿ ಯಾರೋ ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಸ್ಸಿಗೆ ಹತ್ತಿಸಿದ್ದಾರೆ, ಒಳಗಿನವರೆಲ್ಲ ಕೆಮ್ಮುತ್ತಿದ್ದಾರೆ, ಒಳ್ಳೆಯದಾಯಿತು, ಸುಧಾರಾಣಿ ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳಲಾರರು, ಪಕ್ಕದಲ್ಲಿ ಕುಳಿತ ಮಲ್ಲಿಕಸಾಬನೊಬ್ಬನ ಹೊರತು, ರಾಣೆಬೆನ್ನೂರಿನಿಂದ ಜೊತೆಗೆ ಬಂದ ನೆರೆಯವನು, ಹಳೆಯ ವಿದ್ಯಾರ್ಥಿ, ಸುಮ್ಮನಿರಲು ಬಾರದವನು — ಅಕ್ಕೋರ, ಸಾಲಿಯೊಳಗ ನೀವು ಅತ್ತದ್ದು ಒಮ್ಮಿನೂ ನೋಡಿಲ್ರಿ, ನಮ್ಮನ್ನ ಅಳಿಸಿದ್ದಷ್ಟ ಗೊತ್ತು, ಹದಿಮೂರರ ಮಗ್ಗಿ ತಪ್ಪೇತಂತ ಬಿಸಲಾಗ ನಿಂದರಿಸಿದ್ರಿ — ಈಗಾರ ಬರತೈತೇನೋ, ಹೇಳು ನೋಡೂಣು — ಬ್ಯಾಡ್ರಿ, ಮಂದಿ ಅದಾರ — ನಗಿಸಬೇಕೆಂದೇ ಆಡುತ್ತಿದ್ದಾನೆ ಪಾಪ, ಮುಂಜಾನೆ ಪೊಲೀಸರ ಫೋನು ಬಂದಾಗ ಅವನೂ ಅಂಗಳದಲ್ಲೇ ಇದ್ದ, ಗಳಗನಾಥದ ಕಡೆ ಹೊಳ್ಯಾಗ ಒಂದು ಹೆಣ ಸಿಕ್ಕೈತ್ರಿ, ಐವತ್ತರ ಆಸುಪಾಸಿನ ಗಂಡಸು, ಹಾವೇರಿಗೆ ಬಂದು ಗುರ್ತು ಹಿಡೀರಿ — ತಮ್ಮ ಪ್ರೇಮಾನಂದನಿಗೆ ಈಗ ಐವತ್ತೊಂದು, ಹಲಗೇರಿಗೆ ಹೋಗಿ ಸಂಜೀಕ ಬರ್ತೇನಕ್ಕಾ ಎಂದು ಹೋದವನು, ಒಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು, ಅಧಿಕ ದಿನಗಳೆರಡನ್ನು ಕೂಡಿಸಿದರೆ ಆರು ಸಾವಿರದ ಐನೂರ ಎಪ್ಪತ್ತನಾಲ್ಕು ಪ್ರಾರ್ಥನೆ, ಜ್ವರದಲ್ಲಿಯೂ ಒಂದು ತಪ್ಪಿಲ್ಲ, ಒಂದೇ ವಾಕ್ಯ, ಕರ್ತನೇ, ಪ್ರೇಮಾನಂದನನ್ನು ಜೀವದಿಂದ ಮನೆಗೆ ಮುಟ್ಟಿಸು — ಬಿಡದ ಕೇಳ್ರಿ ಅಕ್ಕೋರ, ಎನ್ನುತ್ತಾರೆ ಚರ್ಚಿನ ಸಭಾಪಾಲಕರು, ಕೇಳಿ ಕೇಳಿ ಮೊಣಕಾಲು ಸವೆದಿವೆ. ಸತ್ತವರಿಗಾಗಿ ಬೇಡುವ ಪದ್ಧತಿಯಂತೂ ತಮ್ಮ ಸಭೆಯಲ್ಲಿಲ್ಲ, ಉಸಿರು ನಿಂತ ಗಳಿಗೆಗೆ ಆ ವಾಕ್ಯವೂ ನಿಲ್ಲಬೇಕು, ಹಾಗಾದರೆ ಇಂದು ಬೆಳಿಗ್ಗೆ ಬೇಡಿದ್ದು ಯಾರಿಗಾಗಿ, ಈಗ ಬೇಡುವುದೇನನ್ನು, ಅವನಾಗದಿರಲಿ ಎಂದೇ, ಅಲ್ಲಿ ಮಲಗಿದವನು ಯಾರೆಂಬುದು ಆಗಲೇ ತೀರ್ಮಾನವಾಗಿದೆ, ಬಂದ ಉತ್ತರವನ್ನು ಬೇಡಿ ಬದಲಿಸಲಾಗದು — ಆದರೂ ತುಟಿ ಅಲ್ಲಾಡುತ್ತಿವೆ, ಏನೆನ್ನುತ್ತಿವೆ ಎಂದು ತಾನೇ ಕಿವಿಗೊಟ್ಟಳು, ಅವನೇ ಆಗಿರಲಿ, ಕರ್ತನೇ, ಅವನೇ ಆಗಿರಲಿ, ಸಾಕುಮಾಡು.

ಮಾರಿ ನೋಡಬ್ಯಾಡ್ರಿ ಅವ್ವಾರ, ನೀರಾಗ ಇದ್ದದ್ದು, ಗುರ್ತೇನರ ಇದ್ರ ಹೇಳ್ರಿ, ಎನ್ನುತ್ತಾನೆ ಶವಾಗಾರದ ಹನುಮಪ್ಪ, ಸಣ್ಣ ದನಿ, ಕೋಣೆಯ ತುಂಬ ಫಿನಾಯಿಲ್ — ಪ್ರೇಮಾನಂದನ ಬಲಗಾಲಿನ ಹೆಬ್ಬೆರಳು, ಅದಕ್ಕೆ ಉಗುರಿಲ್ಲ, ಆರು ವರ್ಷದವನಿದ್ದಾಗ ರುಬ್ಬುವ ಗುಂಡುಕಲ್ಲು ಬಿದ್ದಿತ್ತು, ಎತ್ತಿಕೊಂಡು ಓಡಿದ್ದಳು, ಅಕ್ಕಾ ಅವ್ವಗ ಹೇಳಬ್ಯಾಡ, ಉಗುರು ಮತ್ತೆ ಬೆಳೆಯಲೇ ಇಲ್ಲ — ಹನುಮಪ್ಪ ಬಟ್ಟೆಯನ್ನು ಕಾಲ ಕಡೆಯಿಂದ ಸರಿಸಿದ, ಉಗುರು ಎಣಿಸಿದಳು, ಐದು, ಹತ್ತು, ಹತ್ತೂ ಇವೆ, ಇವನಲ್ಲ. ನಿಮ್ಮ ಪ್ರಾರ್ಥನಾ ದೇವರು ಕೇಳ್ಯಾನ ನೋಡ್ರಿ ಅಕ್ಕೋರ, ಮಲ್ಲಿಕಸಾಬನ ಕಣ್ಣಲ್ಲಿ ನೀರು — ಯಾವುದನ್ನು ಕೇಳಿದ, ಬಸ್ಸಿನಲ್ಲಿ ಬೇಡಿದ್ದನ್ನು ಕೊಡಲಿಲ್ಲ, ಒಂಬತ್ತು ವರ್ಷ ಬೇಡಿದ್ದನ್ನೂ ಕೊಟ್ಟಿಲ್ಲ — ನಡೀರಿ, ಹೊರಗ ಹೋಗೂಣು — ತಡಿಯೋ, ಆ ಉಗುರುಗಳು, ಈಚೆಗಷ್ಟೇ ಕತ್ತರಿಸಿದವು, ದುಂಡಗೆ, ಮೂಲೆ ತಿದ್ದಿ. ತನ್ನ ಕಾಲನ್ನು ತಾನೇ ಬಾಗಿ ಕತ್ತರಿಸಿಕೊಂಡರೆ ಒಂದು ಬದಿಗೆ ಓರೆಯಾಗುತ್ತದೆ, ಇವು ಓರೆಯಾಗಿಲ್ಲ, ಯಾರೋ ಎದುರಿಗೆ ಕುಳಿತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ — ಆ ಯಾರೋ ಈ ಹೊತ್ತು ಬಾಗಿಲಲ್ಲಿ ನಿಂತು ಜೀವದಿಂದ ಮುಟ್ಟಿಸು ಎನ್ನುತ್ತಿರಬೇಕು, ಹೊಸರಿತ್ತಿಯೋ ಯಾವೂರೋ, ಯಾವ ದೇವರಿಗೋ, ಬಿಡದ ಕೇಳವಾ ಎಂದು ಅವಳಿಗೂ ಯಾರಾದರೂ ಹೇಳಿರಬೇಕು, ಬಿಡದೆ ಕೇಳುತ್ತಾಳೆ, ಎಷ್ಟು ಸಾವಿರದವರೆಗೆ, ಇವನು ಇಲ್ಲಿ ಮಲಗಿರುವಾಗ — ಇಲ್ಲೆ ಸಹಿ ಮಾಡ್ರಿ, ಗುರ್ತಿಲ್ಲಂತ — ಮಾಡಿದಳು, ಅಕ್ಷರ ನೆಟ್ಟಗೇ ಬಂದವು, ಮರಳಿ ಬಸ್ಸು, ಇಳಿಬಿಸಿಲು, ಪ್ರಾರ್ಥನೆಯ ಎರಡನೆಯ ಹೊತ್ತು, ಮಲ್ಲಿಕಸಾಬ ತೂಕಡಿಸುತ್ತಿದ್ದಾನೆ, ಕಣ್ಣು ಮುಚ್ಚಿದಳು, ಕರ್ತನೇ, ಪ್ರೇಮಾನಂದನನ್ನು — ದುಂಡಗೆ, ಮೂಲೆ ತಿದ್ದಿ — ಪ್ರೇಮಾನಂದನನ್ನು ಜೀವದಿಂದ — ಯಾರದೋ ತೊಡೆ, ಅದರ ಮೇಲೆ ಪಾದ — ಕರ್ತನೇ — ಕತ್ತರಿಸಿದ ಹತ್ತು ಉಗುರು — ಕರ್ತನೇ — ಹತ್ತು ಉಗುರು