ಸುಂಕಿಗೆ ಖಾನೆ ಇಲ್ಲ

ನಮ್ಮ ಮನೆಯವರು ಸಂಜೆ ವಾಚನಾಲಯದಲ್ಲಿ ಕೂತು ಕನ್ನಡನಾಡು ಒಂದಾಗಬೇಕೆಂದು ಮಾತಾಡಿದರೆ ಚಪ್ಪಾಳೆಯೋ ಚಪ್ಪಾಳೆ. ಕಾರಕೂನ ರಾಮಚಂದ್ರರಾಯರೆಂದರೆ ಕನ್ನಡದ ಹುಲಿ ಎನ್ನುತ್ತಿತ್ತು ಲಕ್ಷ್ಮೇಶ್ವರದ ಜನ. ಹುಲಿಯಂತೆ, ಹುಲಿ! ಆ ಹುಲಿ ನನ್ನ ನಾಯಿಯನ್ನು ಹೇಗೆ ಕೊಂದಿತೆಂದು ಜನಕ್ಕೇನು ಗೊತ್ತು? ಅವರ ಹೆಂಡತಿ ತಾರಾಬಾಯಿ, ನಾನು ಹೇಳುತ್ತೇನೆ ಕೇಳಿ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಶಾಲೆ ಊರಾಚೆ, ಶಿರಹಟ್ಟಿ ದಾರಿಗೆ. ಎರಡೂ ಕಡೆ ಜೋಳದ ಹೊಲ. ಆಳೆತ್ತರದ ಬೆಳೆಯ ನಡುವೆ ಒಬ್ಬಳೇ ಹೋಗಲು ಹೆದರುತ್ತಿದ್ದೆ. ಮೋತ್ಯಾ ಬಂದ ಮೇಲೆ ಆ ಹೆದರಿಕೆ ಹೋಯಿತು. ಕಂದು ಬಣ್ಣದ ಬರೀ ಓಣಿಯ ನಾಯಿ. ನನ್ನನ್ನು ಶಾಲೆಗೆ ಮುಟ್ಟಿಸಿ, ಬಾಗಿಲ ಬಳಿ ಬೇವಿನ ನೆರಳಲ್ಲಿ ಐದು ಗಂಟೆಯವರೆಗೆ ಮಲಗಿರುತ್ತಿತ್ತು. ಮಕ್ಕಳಿಲ್ಲದ ನನಗೆ ದಾರಿ ಕಾಯುವ ಜೀವ ಅದೊಂದೇ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎಳ್ಳಮಾಸಿ ಹೊತ್ತಿಗೆ ಜೋಳ ಹೂವಾಡಿತೆಂದರೆ ಮೋತ್ಯಾನಿಗೆ ಕೆರೆತ ಶುರು. ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಳ್ಳುತ್ತಿತ್ತು, ಮೋರೆಯನ್ನು ಗೋಡೆಗೆ ತಿಕ್ಕುತ್ತಿತ್ತು, ಸುಮ್ಮಸುಮ್ಮನೆ ಕಿವಿ ಝಾಡಿಸುತ್ತಿತ್ತು. ಮೊದಲ ವರ್ಷ ಕಜ್ಜಿಯೆಂದು ತಿಳಿದು ಗಂಧಕ ಕಲಸಿದ ಎಣ್ಣೆ ಹಚ್ಚಿಬಿಟ್ಟೆ. ಉರಿ ತಾಳದೆ ಅದು ಅಂಗಳವೆಲ್ಲ ಹೊರಳಾಡಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕುದುರೆಗೆ ನಾಲು ಹೊಡೆಯುವ ನಬಿಸಾಬ ಪಕ್ಕದ ಓಣಿಯವನು. ಅವನನ್ನು ಕರೆಸಿದೆ. ಕಿವಿಯಂಚು ಮಡಚಿ ನೋಡಿದ, ಹೊಟ್ಟೆಯ ಕೂದಲು ಸರಿಸಿ ನೋಡಿದ.

"ಅಕ್ಕೋರ, ಕಜ್ಜಿ ಆಗಿದ್ರ ಕಿವಿ ಅಂಚಿಗೆ ಹಕ್ಕಳಿ ಕಟ್ತಿತ್ರಿ, ವರ್ಷಾನಗಟ್ಲೆ ಇರತಿತ್ತು, ನಿಮಗೂ ಹತ್ತತಿತ್ತು. ಇದು ಸುಂಕು. ಜೋಳದ ಹೂವಿನ ಧೂಳಾ. ಕಣದಾಗ ದುಡಿಯೋರ ಮೈ ಕಡಿಯೂದಿಲ್ಲೇನ್ರಿ, ಹಂಗ."

"ಮತ್ತ ಏನ್ ಮಾಡ್ಲಿ?"

"ಹೊಲದ ದಾರಿಲಿಂದ ಬಂದ ಕೂಡ್ಲೆ ಹಸಿ ಅರಿವಿಲೆ ಕಾಲು, ಹೊಟ್ಟಿ ಒರಸ್ರಿ. ವಾರಕ್ಕೊಮ್ಮಿ ತಣ್ಣೀರಿನ ಜಳಕ. ಕಣದ ಕಡೆ ಬಿಡಬ್ಯಾಡ್ರಿ. ಹೋಳಿಹುಣ್ಣಿವಿಗೆ ತಾನ ಹೋಗತೈತಿ."

ಹಾಗೇ ಮಾಡಿದೆ. ನಾಲ್ಕೇ ದಿನಕ್ಕೆ ಕೆರೆತ ಅರ್ಧಕ್ಕಿಳಿಯಿತು. ಅಂದಿನಿಂದ ಪ್ರತಿ ಚಳಿಗಾಲ ಅಂಗಳದ ಹಗ್ಗದ ಮೇಲೆ ಮೋತ್ಯಾನ ಅರಿವೆ ಒಂದು ಇದ್ದೇ ಇರುತ್ತಿತ್ತು.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲಿನ ಮೊದಲ ಚಳಿಗಾಲ, ಬಜಾರದಲ್ಲಿ ಹುಚ್ಚುನಾಯಿಯೊಂದು ಇಬ್ಬರನ್ನು ಕಚ್ಚಿತು. ಊರ ನಾಯಿಗಳ ಯಾದಿ ಮಾಡಿರೆಂದು ಕಚೇರಿಗೆ ಮರಾಠಿ ಫಾರ್ಮು ಬಂತು. ನಮ್ಮ ಓಣಿಯ ಯಾದಿಯನ್ನು ಇವರೇ ಮನೆಗೆ ತಂದು ಬರೆಯಲು ಕೂತರು.

"ತಾರಾ, ನಿನ್ನ ನಾಯಿಗೆ ಏನಾಗ್ಯದ?"

"ಸುಂಕು."

"ಸುಂಕಿಗೆ ಇಲ್ಲೆ ಖಾನೆ ಇಲ್ಲ. ಮೂರಽ ಅವ. ಹುಚ್ಚು, ಖರೂಜ, ನಿರೋಗಿ."

"ಖರೂಜ ಅಂದ್ರ ಕಜ್ಜಿ ಅಲ್ಲೇನ್ರಿ? ಇದು ಕಜ್ಜಿ ಅಲ್ಲ. ನಿರೋಗಿ ಅಂತ ಬರೀರಿ."

"ಕೆರಕೊಳ್ಳೋ ನಾಯಿಗೆ ನಿರೋಗಿ ಅಂತ ಹ್ಯಾಂಗ ಬರೀಲಿ? ಸಾಹೇಬರು ಕಂಡ್ರ ನನ್ನ ಮಾನ ಉಳೀತದೇನು?"

ಹೋಳಿಯವರೆಗಷ್ಟೇ ಇರುತ್ತದೆಂದೆ. ನಬಿಸಾಬನನ್ನು ಕೇಳಿರೆಂದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಅವರು ಟಾಕು ಅದ್ದಿ, ದುಂಡಗೆ, ಖರೂಜ ಎಂದು ಬರೆದರು.

ಎಂಟು ದಿನಕ್ಕೆ ಹುಕುಂ ಬಂತು: ಹುಚ್ಚು ಮತ್ತು ಖರೂಜಿನ ನಾಯಿಗಳಿಗೆಲ್ಲ ವಿಷದ ಉಂಡೆ. ಆ ಕಾಗದವೂ ಇವರ ಕೈಯಿಂದಲೇ ದಾಟಿ ಹೋಯಿತು. ಅದು ನನಗೆ ಆಮೇಲೆ ಗೊತ್ತಾದದ್ದು.

ಅವತ್ತು ಐದಕ್ಕೆ ಶಾಲೆ ಬಿಟ್ಟಾಗ ಬೇವಿನ ಕೆಳಗೆ ಮೋತ್ಯಾ ಇರಲಿಲ್ಲ. ಜೋಳದ ನಡುವೆ ಒಬ್ಬಳೇ ಓಡಿದೆ. ಮನೆ ಮುಟ್ಟಿದರೆ ಅಂಗಳದಲ್ಲಿ ನಬಿಸಾಬ ನಿಂತಿದ್ದ. ಅವನ ರುಮಾಲು ನೆಲದ ಮೇಲೆ, ಅದರ ಮೇಲೆ ಮೋತ್ಯಾ.

"ಸಾಲಿ ಮುಂದ ಉಂಡಿ ಹಾಕ್ಯಾರ್ರಿ ಅಕ್ಕೋರ. ಯಾದಿಯೊಳಗ ಹೆಸರ ಐತಿ ಅಂದ್ರು. ನಾ ಬರೂದರೊಳಗ ಮುಗದಿತ್ತು. ಸಾಲಿ ಮಕ್ಕಳು ನೋಡಬಾರದಂತ ಇಲ್ಲಿಗೆ ಹೊತಗೊಂಡ ಬಂದೆ."

ಹಗ್ಗದಿಂದ ಅರಿವೆ ತೆಗೆದು ಹಸಿ ಮಾಡಿ ಅದರ ನಾಲ್ಕೂ ಪಾದ ಒರೆಸಿದೆ. ಯಾಕೆ ಒರೆಸಿದೆನೋ! ನಬಿಸಾಬ ಮುಖ ಆಚೆ ತಿರುಗಿಸಿಕೊಂಡ.

ಇವರು ಬಂದರು. ಚಪ್ಪಲಿ ಬಿಡುವುದರೊಳಗೆ ಕೇಳಿದೆ. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಆ ಖರೂಜಿಗೆ ಗೀಟ ಹೊಡದು ಬ್ಯಾರೆ ಬರೀಲಿಕ್ಕೆ ಏನಾಗಿತ್ತು?"

"ಸರಕಾರಿ ಕಾಗದದಾಗ ಹೊಡದು ಬರೀಲಿಕ್ಕೆ ಬರೂದಿಲ್ಲ, ತಾರಾ."

"ಕಟ್ಟಿ ಹಾಕು ಅಂತ ಒಂದ ಮಾತು ನನಗ ಹೇಳಲಿಕ್ಕೆ?"

ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಆ ದಿನ ಇವರು ಸಂತೋಷಕ್ಕೆ ಅತ್ತರು. ಖರೆ ಹೇಳಬೇಕೆಂದರೆ ನನ್ನ ಕಣ್ಣೂ ಒದ್ದೆಯಾದವು. ಎರಡು ತಿಂಗಳಿಗೆ ಎಳ್ಳಮಾಸಿ. ಹೋಳಿಗೆ ಬಡಿಸುತ್ತಿದ್ದೆ. ಇವರು ಕಿಸೆಯಿಂದ ಹೊಸ ಕಾಗದ ತೆಗೆದು ಮಗುವಿನಂತೆ ತೋರಿಸಿದರು.

"ನೋಡು ತಾರಾ, ನಾಯಿ ಯಾದಿ ಸುದ್ದಾ ಕನ್ನಡದಾಗ ಬಂತು!"

ಓದಿದೆ. ಹುಚ್ಚು, ಕಜ್ಜಿ, ನಿರೋಗಿ.

"ಸುಂಕು ಎಲ್ಲೆ ಅದ್ರಿ?"

ಅವರಿಗೆ ನೆನಪಾಯಿತು. ಕೆಳಗೆ ನೋಡುತ್ತಲೇ ಅಂದರು, "ಅದಕ್ಕ ಖಾನೆ ಇಲ್ಲ."

"ಆತಲ್ರಿ. ಅವತ್ತು ಮರಾಠಿಯೊಳಗ ಕೊಂದ್ರಿ, ಇನ್ನ ಕನ್ನಡದಾಗ ಕೊಲ್ರಿ."

ಅವರು ಕಾಗದ ಮಡಚಿ ಕಿಸೆಗಿಟ್ಟುಕೊಂಡರು. ಇನ್ನೊಂದು ಹೋಳಿಗೆ ಹಾಕಲೇ ಎಂದು ನಾನು ಕೇಳಲಿಲ್ಲ.