ಎಣಿಕೆ ಹೇಳುವವಳು

ಒಂದಾನೊಂದು ಕಾಲದಲ್ಲಿ ಕಡಲ ತಳದ ಊರೊಂದಕ್ಕೆ ಮಾತು ನಿಂತುಹೋಗಿತ್ತಂತೆ, ಯಾರೋ ಊರಿನ ನಾಲಗೆಗಳನ್ನೆಲ್ಲ ದಾರದಲ್ಲಿ ಕಟ್ಟಿಟ್ಟಿದ್ದರಂತೆ — ಬಿಸಿಲು ನೈಲಾನ್ ದಾರಗಳ ಮೇಲೆ ಜಾರುವುದನ್ನು ನೋಡುತ್ತ ವಿನುತಾಳಿಗೆ ಅಜ್ಜಿಯ ಕಥೆ ನೆನಪಾಯಿತು, ಎದುರಿಗೆ ಅಂಕೋಲೆಯ ಹೊಸ ಟೆಲಿಫೋನ್ ಎಕ್ಸ್‌ಚೇಂಜಿನ ಕಬ್ಬಿಣದ ಚೌಕಟ್ಟು, ಮುನ್ನೂರು ಫೋನುಗಳ ಬಾಯಿಗೆ ಸದ್ಯಕ್ಕೆ ತಡೆಯಾಗಿ ಸಿಕ್ಕಿಸಿದ ಮುನ್ನೂರು ಪ್ಲಾಸ್ಟಿಕ್ ತುಂಡು, ಎಲ್ಲವನ್ನೂ ಹತ್ತು ದಾರಗಳಿಗೆ ಕಟ್ಟಿದೆ, ಹತ್ತು ಗಂಟೆಗೆ ಹಳೆಯ ಬೋರ್ಡಿನ ತಂತಿ ಕತ್ತರಿಸಬೇಕು, ಆ ಕ್ಷಣವೇ ದಾರ ಎಳೆದರೆ ತುಂಡುಗಳು ಉದುರಿ ಊರು ಹೊಸ ಯಂತ್ರದಲ್ಲಿ ಮಾತಾಡೀತು, ಹತ್ತಿಯ ನೂಲು ನಡುವೆ ಹರಿದೀತೆಂದು ಲೈನ್‌ಮನ್ ಬೀರಾ ಮನೆಯಿಂದ ಬಲೆಯ ದಾರ ತಂದಿದ್ದ, ಮೀನಿನ ವಾಸನೆ ಇನ್ನೂ ಹೋಗಿಲ್ಲ, ಒಂದು ಎರಡು ಮೂರು ಎಂದು ಎಣಿಕೆ ಹೇಳುವುದು ಚಾರ್ಜಿನಲ್ಲಿರುವ ಇಂಜಿನಿಯರ್, ಅದು ಪದ್ಧತಿ, ಆ ಇಂಜಿನಿಯರ್ ಈಗ ತಾನು, ಇವತ್ತಿನ ಮಟ್ಟಿಗಾದರೂ ತಾನೇ, ಬ್ಯಾಗಿನಲ್ಲಿ ಅರ್ಜಿಯಿದೆಯಲ್ಲ, ನಾಲ್ಕು ತಿಂಗಳ ಮಗುವಿರುವುದರಿಂದ ಚಾರ್ಜಿನಿಂದ ಬಿಡಿಸಿ ಕಾರವಾರದಲ್ಲಿ ಕಡತದ ಕೆಲಸ ಕೊಡಬೇಕಾಗಿ ವಿನಂತಿ.

ಅರ್ಜಿ ಬರೆದಾಗಲೇ ಅದನ್ನು ಕಂಡವಳು ಹೀರಾಬಾಯಿ ಒಬ್ಬಳೇ, ಅರವತ್ಮೂರನೇ ಇಸವಿಯಿಂದ ಈ ತೊಂಬತ್ತೊಂದರವರೆಗೆ ಹಳೆಯ ಬೋರ್ಡಿನ ಮುಂದೆ ಕೂತ ಆಪರೇಟರ್, ಎಂಥಕ್ಕೆ ಬರ್ದೆ ಇದನ್ನ, ಅತ್ತೆ ಹೇಳಿದ್ರಾ, ಇಲ್ಲ ಹೀರಕ್ಕ, ನಾನೇ, ಯಾರಿಗೂ ತೊಂದರೆ ಬೇಡ ಅಂತ — ನಂಗೂ ಸೂಪರ್‌ವೈಸರ್ ಮಾಡ್ತೇವೆ ಹೇಳಿದ್ರು, ನನ್ನ ಮಗ ಮಂಗೇಶ ಆಗ ಸಣ್ಣವ, ಬೇಡ ಅಂದೆ, ಈಗ ಅವಂಗೇ ಹೇಳಿದ್ರೆ, ಆಯೀ, ನಾ ಕೇಳಿದ್ನಾ ಅಂತಾನೆ, ಪಡ್ಡೆ ಹುಡುಗ! ಅದರ ಮರುದಿನವೇ ಆಪರೇಟರುಗಳ ವಿಶ್ರಾಂತಿ ಕೋಣೆಯಲ್ಲಿ ವಿನುತಾಳ ಮಗುವಿಗೆ ಸೀರೆಯ ತೊಟ್ಟಿಲು, ಗೋಡೆಯ ಡ್ಯೂಟಿ ಪಟ್ಟಿಯಲ್ಲಿ ಎರಡರಿಂದ ನಾಲ್ಕು ಗಂಗೂ, ಬ್ರಾಕೆಟಿನಲ್ಲಿ ತೊಟ್ಟಿಲು, ತೂಗುವ ಹಾಡು ಚೌಕಟ್ಟಿನವರೆಗೂ ತೇಲಿ ಬರುತ್ತಿತ್ತು, ತಂತಿಗಳೇ ಹಾಡುತ್ತಿವೆಯೋ ಎಂಬಂತೆ, ಈ ಯಂತ್ರ ಬಂದ್ರೆ ನಿಮ್ಮ ಬೋರ್ಡೇ ಇರೂದಿಲ್ವಲ್ಲ ಹೀರಕ್ಕ ಎಂದರೆ, ಗೊತ್ತುಂಟು ಮಾರಾಯ್ತಿ, ಅದನ್ನ ನಿಲ್ಸೂದೇ ಆದ್ರೆ ನೀನೇ ನಿಲ್ಸು, ನಿನ್ನ ಜೊತೆಯ ಆ ಗಿರಿಧರನ ಕೈಲಿ ಬೇಡ, ಮಾತು ಕೊಡು — ವಿನುತಾ ಕೊಟ್ಟಿದ್ದಳು.

ಹತ್ತಕ್ಕೆ ಐದು ನಿಮಿಷ, ಒಳಕೋಣೆಯಲ್ಲಿ ಮಗು ಅಳುತ್ತದೆ, ರವಿಕೆ ಒದ್ದೆಯಾಗುತ್ತದೆ, ಕಾರವಾರದಿಂದ ಬಂದ ಸಾಹೇಬರ ದನಿ ಎಷ್ಟು ಮೆದು, ಹೋಗಮ್ಮ, ಮಗು ನೋಡ್ಕೊ, ಎಣಿಕೆ ಗಿರಿಧರ ಹೇಳ್ತಾನೆ, ಅವಳ ಜೊತೆಯ ಇಂಜಿನಿಯರ್ ಗಿರಿಧರ ಆಗಲೇ ಗಂಟಲು ಸರಿಮಾಡಿಕೊಂಡು ಮುಂದೆ ಬಂದ, ಆ ಮೆದುತನದೊಳಗೆ ಹಾಗೇ ಜಾರಿಹೋಗಬಹುದು, ಇಳಿಯುವ ನೀರಿನ ಜೊತೆ ಕಾಲಡಿಯ ಮರಳು ಸರಿದಂತೆ, ಯಾರೂ ಬೈಯುವುದಿಲ್ಲ, ಕಾಲು ಬಾಗಿಲ ಕಡೆ ತಿರುಗಿಯೂ ಆಯಿತು — ಸಾಹೇಬ್ರೆ, ದಾರ ನಮ್ಮ ಕೈಲಿ ಉಂಟು, ಬೇರೆಯವ್ರ ಎಣಿಕೆಗೆ ಎಳ್ಯೂದಿಲ್ಲ, ಅದು ಬೋರ್ಡಿನ ಮುಂದಿನಿಂದ ಹೀರಾಬಾಯಿ, ಹೆಡ್‌ಫೋನ್ ತಲೆಯ ಮೇಲೆ, ದಾರ ಹಿಡಿದ ಆಪರೇಟರುಗಳು ಅಲ್ಲಾಡಲಿಲ್ಲ, ಗಂಗೂ ಮಗುವನ್ನೇ ಎತ್ತಿ ತಂದು ವಿನುತಾಳ ತೋಳಿಗೆ ಕೊಟ್ಟಳು, ಎಣಿಸೂಕೆ ಕೈ ಬೇಕಾ, ಬಾಯಿ ಇದ್ರೆ ಸಾಕಲ್ದಾ, ಯಾರೋ ಕಿಸಕ್ಕೆಂದರು, ಸಾಹೇಬರು ಗಡಿಯಾರ ನೋಡಿದರು, ಸೆರಗಿನೊಳಗೆ ಮಗು ಹಾಲಿಗೆ ಬಾಯಿಟ್ಟಿತು, ಅಳು ನಿಂತಿತು, ಕತ್ತರಿ ಹಿಡಿದ ಬೀರಾ ಅವಳನ್ನೇ ನೋಡುತ್ತಿದ್ದಾನೆ, ಒಂದು ಎಂದಳು, ತನ್ನದೇ ದನಿಯಾ ಇದು, ಎರಡು, ಮೂರು — ತಂತಿಗಳು ಕಟಕಟನೆ ತುಂಡಾಗುತ್ತವೆ, ಪ್ಲಾಸ್ಟಿಕ್ ತುಂಡುಗಳು ನೆಲದ ಮೇಲೆ ಚೆಲ್ಲಾಡುತ್ತವೆ, ಯಾವ ದಾರವೂ ಹರಿಯಲಿಲ್ಲ, ಅಗಸೂರಿನ ಫೋನು ಸಿಕ್ಕಿತು, ಬಾಳೆಗುಳಿಯದೂ ಸಿಕ್ಕಿತು, ಚಾರ್ಜು ಯಾರ ಹೆಸರಲ್ಲಿ ಬರೀಲಿ, ಸಾಹೇಬರು ಕೇಳುತ್ತಾರೆ, ನನ್ನದೇ ಸರ್, ಮುಂದಿನ ವರ್ಷಕ್ಕೂ, ಎಂದಳು ವಿನುತಾ, ಬೋರ್ಡಿನ ಕಡೆ ತಿರುಗಿ, ಹೀರಕ್ಕ, ಆಯ್ತು, ಕೇಳ್ತಾ, ಆಯ್ತು — ಹೀರಾಬಾಯಿ ಹೆಡ್‌ಫೋನ್ ತೆಗೆದು ಬೋರ್ಡಿನ ಮೇಲಿಟ್ಟಳು, ನರೆತ ಕೂದಲ ನಡುವೆ ಪಟ್ಟಿ ಒತ್ತಿದ ಗೆರೆ, ಇಪ್ಪತ್ತೆಂಟು ವರ್ಷದ ಗೆರೆ, ಬೆರಳಿನಿಂದ ಸವರಿಕೊಂಡಳು, ಹೋಗಲಿಲ್ಲ, ಆ ಗೆರೆ.